ಒಳಗಿನ ಚೊಂಬು

ನಿಧಿ ನನ್ನೊಡನೆ ಮೂರು ದಿನ ಮಾತು ಬಿಟ್ಟಿದ್ದಳು. ಮಾನಸಾ, ನೀನಾಗ ಐದು ತಿಂಗಳ ಕೂಸು, ನಿನಗೆ ಇದೊಂದೂ ಗೊತ್ತಿಲ್ಲ. ನಿನಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ತಪ್ಪಿದ್ದರೆ ನಿನ್ನ ಅಕ್ಕ ತಿದ್ದಲಿ. ಆಗ ನಾವು ಅಮೆರಿಕದ ರೆಂಟನ್ ಊರಿನ ಗುಡ್ಡದ ಮೇಲಿನ ಬಾಡಿಗೆ ಮನೆಯಲ್ಲಿದ್ದೆವು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಕೆಳಗಿನ ಕಾರ್ಖಾನೆಯಲ್ಲಿ ಕಟ್ಟಿ ಮುಗಿಸಿದ ವಿಮಾನಗಳ ಬಾಲಗಳು ಸಾಲಾಗಿ ಕಾಣುತ್ತಿದ್ದವು. ನಿಮ್ಮ ಅಮ್ಮ, ನನ್ನ ಮಗಳು ಸುಜಾತ, ಬೆಳಗ್ಗೆ ಆರಕ್ಕೇ ಕಾರು ತೆಗೆದುಕೊಂಡು ಪಕ್ಕದ ಊರು ಕೆಂಟ್‌ಗೆ ಹೋಗುತ್ತಿದ್ದಳು. ಅಲ್ಲಿ ವಿಮಾನದ ಬಿಡಿಭಾಗ ಮಾಡುವ ಕಡೆ ಅಳತೆ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಹಗಲು ನಿನ್ನನ್ನು ನೋಡಿಕೊಳ್ಳುವುದು ನನ್ನ ಕೆಲಸ. ಆ ಕಿಟಕಿಯ ಪಕ್ಕದಲ್ಲಿ ನನ್ನ ಚೊಂಬು ಇರುತ್ತಿತ್ತು. ಹಿತ್ತಾಳೆಯದು, ಪುಟ್ಟದು, ಕಂಠದ ಬಳಿ ಒಂದು ತಗ್ಗು ಬಿದ್ದಿದೆ. ನೀರಾಗಲಿ ಕಾಫಿಯಾಗಲಿ ನಾನು ಅದರಲ್ಲೇ ಕುಡಿಯುತ್ತಿದ್ದೆ. ಬೇರೆಯವರ ಮನೆಗೆ ಹೋದರೂ ಕೈಚೀಲದಲ್ಲಿ ಹಾಕಿಕೊಂಡು ಹೋಗುತ್ತಿದ್ದೆ.

ಒಂದು ದಿನ ನಿಧಿಯ ಗೆಳತಿ ಸಾಮಿಯಾ ನಮ್ಮ ಮನೆಗೆ ಬಂದಳು. ಸೊಮಾಲಿಯಾದಿಂದ ಬಂದವರ ಮಗಳು, ತಲೆಗೆ ನೀಲಿ ವಸ್ತ್ರ ಸುತ್ತಿಕೊಂಡಿರುತ್ತಾಳೆ, ನಗುವುದು ಜಾಸ್ತಿ. ಇಬ್ಬರೂ ಸೇರಿ ನಿಂಬೆಹಣ್ಣಿನ ಪಾನಕ ಮಾಡಿದರು. ಸಾಮಿಯಾ ಒಂದು ಗ್ಲಾಸು ತುಂಬಿಸಿ ಎರಡು ಕೈಯಲ್ಲಿ ಹಿಡಿದು ನನಗೆ ತಂದುಕೊಟ್ಟಳು. ನಾನು ಎಂದಿನ ಹಾಗೆ ಅದನ್ನು ನನ್ನ ಚೊಂಬಿಗೆ ಬಗ್ಗಿಸಿಕೊಂಡು ಕುಡಿದೆ. ಖಾಲಿ ಗ್ಲಾಸು ವಾಪಸು ಕೊಟ್ಟೆ. ಹುಡುಗಿ ಒಂದು ಗಳಿಗೆ ಗ್ಲಾಸನ್ನೇ ನೋಡುತ್ತ ನಿಂತಳು. ಆಮೇಲೆ ನಲ್ಲಿಯ ಕೆಳಗೆ ಹಿಡಿದು ಅದನ್ನು ತಾನೇ ಎರಡು ಸಲ ತೊಳೆದಿಟ್ಟಳು. ಆ ಎರಡನೆಯ ಸಲ ತೊಳೆದದ್ದು ನನ್ನ ಕಣ್ಣಿಗೆ ಬಿತ್ತು, ಬುದ್ಧಿಗೆ ಬೀಳಲಿಲ್ಲ. ಅವಳನ್ನು ಬಾಗಿಲವರೆಗೆ ಕಳಿಸಿ ಬಂದ ನಿಧಿ ನನ್ನೆದುರು ನಿಂತಳು. ಅವಳು ಹೇಳಿದ್ದು ಹೆಚ್ಚು ಪಾಲು ಇಂಗ್ಲಿಷಿನಲ್ಲಿ. ನಾನು ನನಗೆ ತಿಳಿದಂತೆ ಬರೆಯುತ್ತಿದ್ದೇನೆ.

“ಅಜ್ಜಿ, ಅವಳು ಕೊಟ್ಟ ಗ್ಲಾಸ್ ಗಲೀಜಾ?”

“ಅಯ್ಯೋ, ಇಲ್ಲ ಪುಟ್ಟ.”

“ಮತ್ತೆ? ನಿನಗೆ ಮಡಿ ಅಂತೆ. ಬೇರೆಯವರು ಮುಟ್ಟಿದ್ರೆ ಆಗಲ್ವಂತೆ. ಶೈಲಾ ಆಂಟಿ ಎಲ್ಲರಿಗೂ ಹೇಳ್ತಾರೆ. ನಾವೀಗ ಕ್ಲಾಸಲ್ಲಿ ಓದ್ತಿರೋ ಬುಕ್‌ನಲ್ಲಿ ನಿನ್ನ ಥರದವಳೇ ಒಬ್ಬಳಿದಾಳೆ. ಐ ಹೇಟ್ ಹರ್.”

ಬಾಗಿಲು ಹಾಕಿಕೊಂಡಳು. ನಾನು ಚೊಂಬು ತೊಳೆದು ಕಿಟಕಿಯ ಪಕ್ಕ ಇಟ್ಟೆ.

ಶೈಲಾ ಅಂದರೆ ನಮ್ಮ ಬೀದಿಯ ಕೊನೆಯ ಮನೆಯಾಕೆ, ಮೈಸೂರಿನ ಕಡೆಯವಳು. ಕನ್ನಡದವರು ತಿಂಗಳಿಗೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಊಟ ಮಾಡುತ್ತಿದ್ದೆವಲ್ಲ, ಅದನ್ನು ನಡೆಸುತ್ತಿದ್ದವಳೇ ಅವಳು. ಬಾಯಿ ಜೋರು, ಮನಸ್ಸು ಒಳ್ಳೆಯದು. ನಾನು ಮೊದಲ ಸಲ ಅವಳ ಮನೆಗೆ ಹೋಗಿ ಚೀಲದಿಂದ ಚೊಂಬು ತೆಗೆದಾಗ ಅವಳು ಕೈಮುಗಿದೇಬಿಟ್ಟಳು.

“ನೋಡ್ರೇ, ಆಂಟಿನ ನೋಡಿ ಕಲೀರಿ! ಅಮೆರಿಕಕ್ಕೆ ಬಂದ್ರೂ ಮಡಿ ಬಿಟ್ಟಿಲ್ಲ. ನಾವು ಪೇಪರ್ ಕಪ್ ನೆಕ್ಕೋರು. ಆಂಟಿ, ನೀವು ಇದರಲ್ಲೇ ಕುಡೀರಿ, ನಾವ್ಯಾರೂ ಮುಟ್ಟಲ್ಲ.”

ಆಗಲೇ ನಾನು ಹೇಳಬೇಕಿತ್ತು. ಆದರೆ ಹತ್ತು ಜನ ನನ್ನನ್ನು ನೋಡುತ್ತಿದ್ದರೆ ನನಗೆ ನಾಲಿಗೆ ಏಳುವುದಿಲ್ಲ. ಸುಮ್ಮನೆ ತಲೆ ತಗ್ಗಿಸಿದೆ. ಅದನ್ನೂ ಅವರು ವಿನಯ ಎಂದುಕೊಂಡರು. ಆಮೇಲೆ ಎಲ್ಲ ಮನೆಗಳಲ್ಲೂ ನನಗೆ ಬೇರೆ ಕುರ್ಚಿ, ಮೊದಲು ಬಡಿಸುವುದು, ಹೊರಡುವಾಗ ಕಾಲಿಗೆ ನಮಸ್ಕಾರ. ಇಷ್ಟು ಮಾಡುವವರು ಒಂದನ್ನು ಗಮನಿಸಿರಲಿಲ್ಲ. ಮಡಿಯ ಹೆಂಗಸರು ಪಾತ್ರೆಗೆ ತುಟಿ ತಾಕಿಸದೆ ಮೇಲಿಂದ ಎತ್ತಿ ಕುಡಿಯುತ್ತಾರೆ. ನಾನು ಚೊಂಬನ್ನು ಕಚ್ಚಿ ಕುಡಿಯುತ್ತಿದ್ದೆ, ನಮ್ಮವ್ವ ಕುಡಿಯುತ್ತಿದ್ದ ಹಾಗೆ.

ಮೂರನೆಯ ದಿನ ಶನಿವಾರ. ಮಧ್ಯಾಹ್ನ ನಿನ್ನನ್ನು ಮಲಗಿಸಿ ನಿಧಿಯ ಕೋಣೆಗೆ ಹೋದೆ. ಅವಳು ಪುಸ್ತಕ ಮುಂದಿಟ್ಟುಕೊಂಡು ಪೆನ್ನು ಕಚ್ಚುತ್ತ ಕೂತಿದ್ದಳು. ನಾನು ಹಾಸಿಗೆಯ ಅಂಚಿನಲ್ಲಿ ಕೂತು, ಆ ಕಥೆ ನನಗೂ ಹೇಳು ಎಂದೆ. ಕೋಪವಿದ್ದರೂ ಕಥೆ ಹೇಳುವುದೆಂದರೆ ನಿಧಿಗೆ ತಡೆಯಲಾಗದು. ಹೇಳಿದಳು. ಒಂದು ಸಣ್ಣ ಊರು, ಅಲ್ಲೊಬ್ಬ ಯಹೂದಿ ದರ್ಜಿ, ಅವನ ಮಗಳು ನಿಧಿಯ ವಯಸ್ಸಿನವಳು. ಊರವರಿಗೆ ಅವನ ಹೊಲಿಗೆ ಬೇಕು, ಅವನ ಮನೆಯ ನೀರು ಬೇಡ. ಪಕ್ಕದ ಮನೆಯಾಕೆ ಬಟ್ಟೆಯ ಅಳತೆ ಕೊಡಲು ಬರುವಾಗ ತನ್ನ ಕಪ್ಪನ್ನು ತಾನೇ ತರುತ್ತಾಳೆ. ಆ ಹುಡುಗಿಯ ಅಜ್ಜ ಅವರ ಜನರ ಹಳೆಯ ಕಥೆಗಳನ್ನು ಹೇಳುತ್ತಾನೆ. ಎಲೀಯ ಎಂಬ ಪ್ರವಾದಿಯೊಬ್ಬ ಸತ್ತೇ ಇಲ್ಲವಂತೆ. ಭಿಕ್ಷುಕನ ವೇಷದಲ್ಲಿ ಮನೆಮನೆ ತಿರುಗುತ್ತಾನಂತೆ. ಅದಕ್ಕೆ ವರ್ಷಕ್ಕೊಮ್ಮೆ ಹಬ್ಬದ ಊಟದಲ್ಲಿ ಅವನಿಗೆಂದೇ ಒಂದು ಬಟ್ಟಲು ದ್ರಾಕ್ಷಾರಸ ತುಂಬಿಟ್ಟು ಬಾಗಿಲು ತೆರೆಯುತ್ತಾರೆ. ಹುಡುಗಿ ಪ್ರತಿ ವರ್ಷ ಬಟ್ಟಲಿಗೆ ಕಣ್ಣು ಹತ್ತಿರ ಇಟ್ಟು, ರಸ ಒಂದು ಕೂದಲಿನಷ್ಟಾದರೂ ಇಳಿಯಿತೇ ಎಂದು ನೋಡುತ್ತಾಳೆ. ಊರವರು ಅವಳ ಅಪ್ಪನ ಅಂಗಡಿಯ ಗಾಜು ಒಡೆದ ವರ್ಷ ಅವಳು ಬಾಗಿಲು ತೆರೆಯುತ್ತಾಳೆ, ಹೊರಗೆ ಯಾರೂ ಇಲ್ಲ. ತಿರುಗಿ ಬಂದು ಎಲ್ಲರೂ ನೋಡುತ್ತಿರುವಂತೆ ಆ ಬಟ್ಟಲನ್ನು ತಾನೇ ಎತ್ತಿ ಕುಡಿಯುತ್ತಾಳೆ. ಕಥೆ ಅಲ್ಲಿಗೆ ಮುಗಿಯುತ್ತದೆ.

“ಬಟ್ಟಲು ಯಾವುದರ ಸಂಕೇತ ಅಂತ ಬರೀಬೇಕು,” ಎಂದಳು ನಿಧಿ. “ನಮ್ಮ ಮನೆಯಲ್ಲಿ ಅಂಥ ವಸ್ತು ಏನಾದ್ರೂ ಇದ್ರೆ ಅದನ್ನೂ ಬರೀಬೇಕು. ನಾನು ನಿನ್ನ ಚೊಂಬಿನ ಬಗ್ಗೆ ಬರೀತಿದೀನಿ. ಪಕ್ಕದ ಮನೆಯವಳ ಕಪ್ಪು, ನಿನ್ನ ಚೊಂಬು, ಎರಡೂ ಒಂದೇ.”

ಸಂಕೇತ ಎಂದರೆ ಏನೆಂದು ನಮ್ಮ ಊರಿನ ಶಾಲೆಯಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಏಳನೆಯ ತರಗತಿಗೆ ನನ್ನ ಓದು ಮುಗಿಯಿತು. ಆದರೆ ಆ ಗಳಿಗೆಯಲ್ಲಿ ನನಗೆ ಒಂದು ಸ್ಪಷ್ಟವಾಯಿತು. ನಮ್ಮವ್ವನ ಚೊಂಬು ಆ ಕೆಟ್ಟ ಹೆಂಗಸಿನ ಕಪ್ಪಿನ ಪಕ್ಕದಲ್ಲಿ ನಿಧಿಯ ಕಾಗದದ ಮೇಲೆ ಕೂರುತ್ತದೆ, ಅದನ್ನು ಕೂರಿಸಿದ್ದು ನನ್ನ ಸುಮ್ಮನಿರುವಿಕೆ. ಆವತ್ತು ಬಾಯಿ ಬಿಟ್ಟೆ. ಅವಳಿಗೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ನಮ್ಮ ಮನೆ ಊರೊಳಗಿರಲಿಲ್ಲ. ಊರು ಮುಗಿದು, ಹುಣಸೆಮರ ದಾಟಿ, ಇಳಿಜಾರಿನಲ್ಲಿ ನಮ್ಮ ಕೇರಿ. ಊರಿನವರು ನಮ್ಮನ್ನು ಮುಟ್ಟುತ್ತಿರಲಿಲ್ಲ. ಒಂದೇ ಕೋಣೆಯ ಮನೆ. ಒಂದು ಮೂಲೆಯಲ್ಲಿ ಒಲೆ, ಇನ್ನೊಂದರಲ್ಲಿ ರಾಗಿಯ ಗುಡಾಣ, ನಡುವೆ ನಾವು ಐದು ಜನ. ಬಾಗಿಲ ಹಿಂದೆ ಗೂಟಕ್ಕೆ ಅವ್ವನ ಗಂಟು ತೂಗುತ್ತಿತ್ತು. ಅದನ್ನು ಮಕ್ಕಳು ಮುಟ್ಟುವ ಹಾಗಿರಲಿಲ್ಲ. ಹಳೆ ಸೀರೆಯ ತುಂಡುಗಳು, ನೂಲಿನ ಉಂಡೆ, ಹರಳೆಣ್ಣೆಯ ಸೀಸೆ, ಒಂದು ಕಟ್ಟು ಅರಳೆ, ಅಂಗೈ ಅಗಲದ ಬೆಲ್ಲದ ಅಚ್ಚು. ಅವ್ವ ಸೂಲಗಿತ್ತಿ. ಹೆಸರು ನಿಂಗಮ್ಮ. ಊರವರು ನಿಂಗಿ ಎನ್ನುತ್ತಿದ್ದರು. ಊರಿನ ಯಾವ ಮನೆಯಲ್ಲಿ ಹೆರಿಗೆ ನೋವು ಬಂದರೂ ಹುಣಸೆಮರದ ಬಳಿ ನಿಂತು ಒಬ್ಬರು ಕೂಗುತ್ತಿದ್ದರು. ಮರ ದಾಟಿ ಈಚೆ ಬರುತ್ತಿರಲಿಲ್ಲ. ಅವ್ವ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದು ಗಂಟು ತೆಗೆದುಕೊಳ್ಳುತ್ತಿದ್ದಳು. ಹೆರಿಗೆಯಾದ ಕೋಣೆಗೆ ಹತ್ತು ದಿನ ಪುರುಡು, ಹೆರಿಗೆಯ ಮೈಲಿಗೆ, ಮನೆಯವರೇ ಒಳಗೆ ಬರಲು ಹೆದರುವರು. ಆ ಹತ್ತು ದಿನ ಬಾಣಂತಿಯನ್ನೂ ಕೂಸನ್ನೂ ಮೀಯಿಸುವುದು, ಬಟ್ಟೆ ಒಗೆಯುವುದು, ಎಲ್ಲ ಅವ್ವನದೇ. ಹನ್ನೊಂದನೆಯ ದಿನ ಪುರುಡು ಕಳೆಯುತ್ತಿತ್ತು. ಆಗಿನಿಂದ ಅವ್ವ ಹೊಸ್ತಿಲ ಹೊರಗೆ.

ಅಷ್ಟು ಕೆಲಸಕ್ಕೆ ಕಾಫಿ ಕೊಡುತ್ತಿದ್ದದ್ದು ತೆಂಗಿನ ಕರಟದಲ್ಲಿ. ಕೆಲವು ಮನೆಗಳಲ್ಲಿ ದನದ ಕೊಟ್ಟಿಗೆಯ ಸೂರಿಗೆ ಒಂದು ಸೊಟ್ಟ ಲೋಟ ಸಿಕ್ಕಿಸಿರುತ್ತಿದ್ದರು. ನಾವೇ ತೆಗೆದುಕೊಂಡು, ಕುಡಿದು, ತೊಳೆದು, ಅಲ್ಲೇ ಸಿಕ್ಕಿಸಬೇಕು. ಅವ್ವ ಎರಡನ್ನೂ ಮುಟ್ಟುತ್ತಿರಲಿಲ್ಲ. ಬಾಯಾರಿಲ್ಲ ಎನ್ನುತ್ತಿದ್ದಳು. ಬೆಳಗಿನಿಂದ ಸಂಜೆಯವರೆಗೆ ಕಷ್ಟದ ಹೆರಿಗೆಯಾದರೂ ಒಂದು ಹನಿ ನೀರು ಕುಡಿಯದೆ ಮನೆಗೆ ಬಂದು, ನಿಂತ ಕಾಲ ಮೇಲೆ ಒಂದು ಮಡಕೆ ನೀರು ಕುಡಿಯುತ್ತಿದ್ದಳು. ಆಮೇಲೆ ಹಿತ್ತಲಿನಲ್ಲಿ ತಲೆಗೆ ಸ್ನಾನ. ಅವಳು ಹೊರಟ ಮೇಲೆ ಅಲ್ಲಿ ನೆಲಕ್ಕೆ ನೀರು ಚಿಮುಕಿಸುತ್ತಾರೆ ಎಂಬುದು ನಮಗೆ ಗೊತ್ತಿತ್ತು. ನೀನ್ಯಾಕೆ ಮೀಯ್ತೀಯವ್ವ ಎಂದು ಕೇಳಿದರೆ ನಗುತ್ತಿದ್ದಳು.

“ಅವರೂ ತೊಳ್ಕತಾರೆ, ನಾನೂ ತೊಳ್ಕತೀನಿ. ಸಮಕ್ಕೆ ಸಮ ಆಯ್ತಲ್ಲ ಮಗ!”

ನನಗೆ ಒಂಬತ್ತು ವರ್ಷವಿರಬೇಕು, ಗೌಡರ ಸೊಸೆಗೆ ನೋವು ಬಂತು. ಗಂಟು ಹೊರಲು ಅವ್ವ ನನ್ನನ್ನೂ ಕರೆದುಕೊಂಡು ಹೋಗಿದ್ದಳು. ಕೂಸು ಕಾಲು ಮುಂದಾಗಿ ಬರುತ್ತಿತ್ತು. ನಾನು ಹೊರಬಾಗಿಲ ಮೆಟ್ಟಿಲ ಮೇಲೆ ಕೂತಿದ್ದೆ, ಅಲ್ಲಿಂದ ಕೋಣೆಯ ಬಾಗಿಲು ನೇರ ಕಾಣುತ್ತಿತ್ತು. ಹೊತ್ತು ನೆತ್ತಿಗೆ ಬಂತು, ಇಳಿಯಿತು. ಕೊನೆಗೆ ಕೂಸು ಅತ್ತಿತು. ಅವ್ವ ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಕೋಣೆಯ ಬಾಗಿಲಿಗೆ ಬಂದಳು. ಹುಟ್ಟಿದ ಕೂಸಿಗೆ ಮೊದಲು ಬೆಲ್ಲದ ನೀರನ್ನು ಅರಳೆಯ ಬತ್ತಿಯಲ್ಲಿ ಅದ್ದಿ ತುಟಿಗೆ ತಾಕಿಸುವುದು ನಮ್ಮ ಕಡೆಯ ಪದ್ಧತಿ. ಅದು ಸೂಲಗಿತ್ತಿಯ ಕೈಯಿಂದಲೇ ಆಗಬೇಕು. ಅವ್ವ ನೀರು ಕೇಳಿದಳು. ಗೌಡತಿ ದೂರದಿಂದಲೇ ಒಂದು ಕರಟದಲ್ಲಿ ನೀರು ತುಂಬಿ ನೆಲದ ಮೇಲೆ ನೂಕಿದಳು. ಅವ್ವ ಅದನ್ನು ನೋಡಿದಳು, ಕೂಸನ್ನು ನೋಡಿದಳು.

“ಗೌಡ್ತಮ್ಮ, ನಿಮ್ಮ ಮನೆ ವಂಶಕ್ಕೆ ಕರಟದಲ್ಲಿ ನೀರು ಬುಡ್ಲಾ?”

“ಥೂ, ಬಾಯ್ಮುಚ್ಚೆ ನಿಂಗಿ. ಗಂಡುಕೂಸಿಗೆ ಕರಟವಾ?”

“ಅದ್ಕೇ ಕೇಳ್ತಾವ್ನಿ. ಒಳಗಿಂದು ಕೊಡಿ.”

“ಒಳಗಿಂದಾ?”

“ಒಳಗಿಂದೇ. ನಿಮ್ಮ ದೇವ್ರ ಮುಂದಿರೋದು ಬ್ಯಾಡ. ನೀವು ಕುಡಿಯೋದು ಕೊಡಿ ಸಾಕು.”

ಗೌಡತಿ ಒಳಗೆ ಹೋಗಿ ಹಿತ್ತಾಳೆಯ ಚೊಂಬು ತಂದು ಹೊಸ್ತಿಲ ಮೇಲಿಟ್ಟಳು. ಅವ್ವ ಬೆಲ್ಲ ಕದಡಿ ಬತ್ತಿ ಅದ್ದಿ ಕೂಸಿನ ತುಟಿಗೆ ಮೂರು ಹನಿ ಬಿಟ್ಟಳು. ಕೂಸು ಚಪ್ಪರಿಸಿತು. ಜಗಲಿಯ ತುಂಬ ನೆರೆದಿದ್ದ ಜನ ನಕ್ಕರು. ಆಗ ಅವ್ವ ಕೂಸನ್ನು ಎಡಗೈಗೆ ಬದಲಿಸಿಕೊಂಡಳು, ಬಲಗೈಯಲ್ಲಿ ಚೊಂಬು ಎತ್ತಿದಳು, ತುಟಿಗೆ ಕಚ್ಚಿ ಗಟಗಟ ಕುಡಿದಳು. ಪೂರ್ತಿ. ನಗು ನಿಂತುಹೋಯಿತು. ಅವಳ ಗಂಟಲು ಮೇಲೆ ಕೆಳಗೆ ಆಡುವುದು ನನಗೆ ಮೆಟ್ಟಿಲಿಂದ ಕಾಣುತ್ತಿತ್ತು. ಎಲ್ಲರಿಗೂ ಕಾಣುತ್ತಿತ್ತು. ಖಾಲಿ ಚೊಂಬನ್ನು ಅವ್ವ ಸೊಂಟಕ್ಕೆ ಸಿಕ್ಕಿಸಿಕೊಂಡಳು.

“ಇದಿನ್ನು ಒಳಕ್ಕೆ ಬರಾಕಿಲ್ವಲ್ಲ ಗೌಡ್ತಮ್ಮ. ನಾನೇ ಮಡಿಕ್ಕತೀನಿ.”

ಮನೆಗೆ ಬಂದ ಮೇಲೆ ನಮ್ಮಪ್ಪ ಮಾಡಿದ ಜಗಳ ಈಗಲೂ ಕಿವಿಯಲ್ಲಿದೆ. ಅವನು ಕೆಟ್ಟವನಲ್ಲ, ಹೆದರಿದವನು. ಗೌಡರ ಹೊಲದಲ್ಲೇ ದುಡಿಯುತ್ತಿದ್ದವನು. ವಾಪಸು ಕೊಟ್ಟು ಕಾಲಿಗೆ ಬಿದ್ದು ಬಾ ಎಂದು ಚೊಂಬನ್ನು ಕಿತ್ತು ಎಸೆದ. ಕಂಠದ ತಗ್ಗು ಆಗ ಬಿದ್ದದ್ದು.

“ಕೊಟ್ಟಿದ್ದರಲ್ಲಿ ಕುಡಿದ್ರೆ ನಿನ್ನ ಗಂಟ್ಲು ಹರಿದೋಗದಾ? ನಾಳೆ ಕೆಲಸಕ್ಕೆ ಕರೀದಿದ್ರೆ ಏನ್ ಮಾಡ್ತೀಯೆ?”

“ಹೆರೋದ ನಿಲ್ಲುಸ್ತಾರಾ?” ಎಂದಳು ಅವ್ವ. ಅಷ್ಟೇ. ಚೊಂಬು ಎತ್ತಿ ಬೂದಿ ಹಾಕಿ ಉಜ್ಜತೊಡಗಿದಳು.

ಅಪ್ಪನನ್ನು ನಿಜವಾಗಿಯೂ ಕೆಲಸಕ್ಕೆ ಕರೆಯಲಿಲ್ಲ. ಅವ್ವನನ್ನೂ ಯಾರೂ ಕರೆಯಲಿಲ್ಲ. ಗುಡಾಣದ ರಾಗಿ ತಳ ಕಂಡಿತು. ಬರೀ ಸೊಪ್ಪು ಬೇಯಿಸಿಕೊಂಡು ತಿಂದ ದಿನಗಳಿವೆ. ಹಸಿವಿನಲ್ಲಿ ಒಂದು ಸಂಜೆ ನಾನೂ ಅಪ್ಪನ ಕಡೆ ಸೇರಿ, ಕೊಟ್ಟುಬಿಡವ್ವ ಎಂದೆ. ಅವ್ವ ಬೈಯಲಿಲ್ಲ. ಚೊಂಬಿನಲ್ಲಿ ನೀರು ತುಂಬಿ ನನ್ನ ಕೈಗೆ ಕೊಟ್ಟು, ಕಚ್ಚಿ ಕುಡಿ ಎಂದಳು. ಕುಡಿದೆ. ಕೆಲವು ದಿನಗಳ ನಂತರ ಹುಣಸೆಮರದ ಬಳಿ ಕೂಗು ಕೇಳಿತು. ಈ ಸಲ ಕೂಗಿದವರು ಮರ ದಾಟಿ ನಮ್ಮ ಬಾಗಿಲವರೆಗೂ ಬಂದಿದ್ದರು. ಶ್ಯಾನುಭೋಗರ ಮನೆಯ ಮಗಳಿಗೆ ಎರಡು ದಿನದಿಂದ ನೋವಂತೆ. ಅವ್ವ ಎದ್ದು ಗಂಟು ತೆಗೆದಳು. ಬಂದವರು ನೆಲ ನೋಡುತ್ತ ಹೇಳಿದರು.

“ನಿನ್ನ ಚೊಂಬು ತಗೊಂಡೇ ಬರಬೇಕಂತೆ.”

ಅಂದಿನಿಂದ ಆ ಊರಿನಲ್ಲಿ ಹುಟ್ಟಿದ ಎಲ್ಲ ಕೂಸುಗಳ ತುಟಿಗೂ ಮೊದಲು ಬಿದ್ದದ್ದು ಆ ಚೊಂಬಿನ ನೀರು. ಅವರವರ ಮನೆಯ ಪಾತ್ರೆಯನ್ನು ಪುರುಡಿನ ಕೋಣೆಗೆ ಕೊಟ್ಟು ಕಳೆದುಕೊಳ್ಳುವ ಬದಲು ಅವರಿಗೂ ಅದೇ ಅನುಕೂಲವಾಯಿತು. ಅವ್ವ ಮಾತ್ರ ಅದನ್ನು ಬೇರೆ ಥರ ನೋಡುತ್ತಿದ್ದಳು. ಸಂಜೆ ಮೆಟ್ಟಿಲ ಮೇಲೆ ಕೂತು ಕಾಲು ನೀಡಿಕೊಂಡು, ಊರ ಕಡೆ ಗದ್ದ ಎತ್ತಿ, “ನನ್ನ ಚೊಂಬಿನ ನೀರು ಕುಡೀದೋರು ಅಲ್ಲಿ ಯಾರವ್ರೆ ಹೇಳು?” ಎನ್ನುತ್ತಿದ್ದಳು. ನನ್ನ ಮದುವೆಯಾಗಿ ಹೊರಡುವಾಗ ಅದನ್ನು ನನ್ನ ಸೀರೆಗಳ ನಡುವೆ ಇಟ್ಟಳು. ಯಾರ ಮನೆಗೆ ಹೋದರೂ ಇದರಲ್ಲೇ ಕುಡಿ, ಬೇರೆ ಕೊಟ್ಟರೆ ಬಾಯಾರಿಲ್ಲ ಅನ್ನು ಎಂದಳು. ನಾನು ಹಾಗೆಯೇ ನಡೆದುಕೊಂಡೆ. ಸಾಮಿಯಾ ಕೊಟ್ಟದ್ದು ಸೂರಿನ ಲೋಟವಲ್ಲ, ಒಳಗಿನದೇ ಎಂದು ನೋಡುವುದನ್ನು ಮರೆತೆ.

ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ನಿಧಿ ಪುಸ್ತಕ ಮುಚ್ಚಿದ್ದಳು. ಆಮೇಲೆ ಕೇಳಿದಳು.

“ಅಜ್ಜಿ, ಆ ಹುಡುಗಿ ಪ್ರವಾದಿಯ ಬಟ್ಟಲನ್ನು ಯಾಕೆ ಕುಡಿದಳು?”

“ಬಾಯಾರಿತ್ತು ಕಣೇ. ಇನ್ನೇನು?”

ಅವಳು ಅದನ್ನು ಹಾಗೆಯೇ ಬರೆದುಕೊಂಡಳು.

ಸಂಜೆ ನಿಮ್ಮ ಅಮ್ಮ ಅಡುಗೆಮನೆಯಲ್ಲಿ ನನ್ನನ್ನು ತಡೆದಳು. ನಿಧಿ ಚೊಂಬನ್ನು ಶಾಲೆಗೆ ಒಯ್ದು ಎಲ್ಲರೆದುರು ಈ ಕಥೆ ಹೇಳುತ್ತಾಳಂತೆ. ಶೈಲಾಳ ಮಗಳೂ ಅದೇ ತರಗತಿಯಲ್ಲಿ ಇದ್ದಳು.

“ಅಮ್ಮಾ, ಒಂದೇ ದಿನದಲ್ಲಿ ಎಲ್ಲಾ ಮನೆಗೂ ಗೊತ್ತಾಗತ್ತೆ. ಮುಂದಿನ ತಿಂಗಳು ಮಾನಸಾಗೆ ಮೊದಲ್ನೇ ಸಲ ಅನ್ನ ಮುಟ್ಟಿಸೋದು ಇಟ್ಕೊಂಡಿದೀನಿ. ಯಾರೂ ಬರದೇ ಇದ್ರೆ? ನಂಗೇನೂ ಇಲ್ಲ. ನಿನ್ನ ಕಾಲಿಗೆ ಬೀಳೋರು ನಾಳೆ ನಿನ್ನ ಮುಖ ನೋಡ್ದೆ ಹೋದ್ರೆ ನಂಗೆ ತಡಿಯಕ್ಕಾಗಲ್ಲ.”

ಸುಜಾತ ಅಳುತ್ತಿದ್ದಳು. ಆ ಬೇರೆ ಕುರ್ಚಿ, ಆ ನಮಸ್ಕಾರಗಳು ನನಗೆ ಹಿತವಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಅವೆಲ್ಲ ಬೇರೊಬ್ಬ ಹೆಂಗಸಿಗೆ ಸಂದವು, ನಿಂಗಮ್ಮನ ಮಗಳಿಗಲ್ಲ. ಹುಣಸೆಹಣ್ಣು ಹಚ್ಚಿ ಚೊಂಬನ್ನು ಫಳಫಳ ಬೆಳಗಿದೆ. ಸೋಮವಾರ ಬೆಳಗ್ಗೆ ನಿಧಿಯ ಚೀಲದಲ್ಲಿ ನಾನೇ ಇಟ್ಟೆ.

ಅವಳ ಟೀಚರ್ ಅದನ್ನು ವಾರದ ಮಟ್ಟಿಗೆ ತರಗತಿಯ ಕಿಟಕಿಯಲ್ಲಿ ಇಟ್ಟುಕೊಂಡರಂತೆ. ನಿಧಿ ಬರೆದ ಹಾಳೆ ನನ್ನ ಬಳಿ ಇದೆ. ‘ಅವಳಿಗೆ ಬಾಯಾರಿತ್ತು’ ಎಂಬ ಸಾಲಿನ ಕೆಳಗೆ ಟೀಚರ್ ಎರಡು ಗೀಟು ಎಳೆದಿದ್ದಾರೆ. ಆ ವಾರ ನಾನು ಮನೆಯ ಗಾಜಿನ ಲೋಟದಲ್ಲಿ ನೀರು ಕುಡಿದೆ. ಶೈಲಾಳಿಂದ ಫೋನೂ ಬರಲಿಲ್ಲ, ಮೆಸೇಜೂ ಬರಲಿಲ್ಲ.

ನಿನಗೆ ಅನ್ನ ಮುಟ್ಟಿಸಿದ ದಿನ ಕರೆದದ್ದು ಏಳು ಮನೆ. ಒಂದು ಮನೆಯವರು ಶೀತ ಎಂದು ಹೇಳಿಕಳಿಸಿದರು. ಶೀತ ನಿಜವೋ ಅಲ್ಲವೋ ನನಗೆ ತಿಳಿಯದು, ಕೇಳಲೂ ಇಲ್ಲ. ಐದು ಮನೆಯವರು ಬಂದರು. ಕೆಲವರು ಎಂದಿಗಿಂತ ಹೆಚ್ಚು ಮಾತಾಡಿದರು, ಕೆಲವರು ಕಡಿಮೆ. ಶೈಲಾ ಬರಲಿಲ್ಲ. ನಾನು ಅವತ್ತು ನನ್ನ ಜನ್ಮದಲ್ಲಿ ಮಾಡದ ಒಂದು ಕೆಲಸ ಮಾಡಿದೆ. ಎಲ್ಲರ ನಡುವೆ ಎದ್ದು ನಿಂತು, ನಮ್ಮವ್ವ ಸೂಲಗಿತ್ತಿ, ಕೂಸಿಗೆ ಮೊದಲ ನೀರು ಈ ಚೊಂಬಿನಿಂದಲೇ ಕೊಡುವುದು ನಮ್ಮ ಪದ್ಧತಿ ಎಂದು ಹೇಳಿದೆ. ಕೊನೆಯವರೆಗೂ ಹೇಳಿದೆ. ಡಾಕ್ಟರ ಮಾತಿನಂತೆ ಅಲ್ಲಿಯವರೆಗೆ ನಿನಗೆ ಹಾಲಲ್ಲದೆ ನೀರು ಕೊಟ್ಟಿರಲಿಲ್ಲ. ಆಮೇಲೆ, ನಿಧಿ ಕರೆಸಿದ್ದ ಸಾಮಿಯಾಳನ್ನು ಹತ್ತಿರ ಕರೆದು ಚೊಂಬನ್ನು ಅವಳ ಎರಡು ಕೈಗಳಲ್ಲಿ ಇಟ್ಟೆ. ನಿಧಿ ಅವಳಿಗೆ ಅರಳೆಯ ಬತ್ತಿ ಹಿಡಿಯುವುದನ್ನು ತೋರಿಸಿದಳು. ಮಾನಸಾ, ನಿನ್ನ ತುಟಿಗೆ ಮೊದಲ ಮೂರು ಹನಿ ನೀರು ಬಿಟ್ಟವಳು ಸಾಮಿಯಾ. ನೀನು ಚಪ್ಪರಿಸಿದೆ, ಗೌಡರ ಮೊಮ್ಮಗನ ಹಾಗೆಯೇ.

ಊಟಕ್ಕೆ ಎಲೆ ಹಾಕುವಾಗ ಬಾಗಿಲ ಗಂಟೆ ಸದ್ದಾಯಿತು. ಶೈಲಾ ನಿಂತಿದ್ದಳು. ಕೈಯಲ್ಲಿ ಪಾಯಸದ ಡಬ್ಬಿ, ಕಣ್ಣು ಕೆಂಪಗೆ. ಒಳಗೆ ಬಂದವಳು ಕೂರಲಿಲ್ಲ.

“ಆಂಟಿ, ನಮ್ಮತ್ತೆ ಊರಲ್ಲಿ ಕೊಟ್ಟಿಗೆ ಸೂರಿಗೆ ಒಂದು ಲೋಟ ಸಿಗ್ಸಿರ್ತಿದ್ರು. ಹೊಸದಾಗಿ ಮದ್ವೆಯಾಗಿ ಹೋದಾಗ ನಾನೇ ಎಷ್ಟೋ ಸಲ ಅದಕ್ಕೆ ಕಾಫಿ ಹುಯ್ದಿದೀನಿ. ಮೇಲಿಂದ. ತಾಗದ ಹಾಗೆ. ಈ ತಿಂಗಳೆಲ್ಲಾ ಅದೇ ಕಣ್ಮುಂದೆ ಬರ್ತಿತ್ತು. ಯಾವ ಮುಖ ಇಟ್ಕೊಂಡು ಬರ್ಲಿ ಅಂತ...”

“ಬಿಸಿಲಲ್ಲಿ ನಡೆದು ಬಂದಿದೀಯ, ನೀರು ಕುಡಿ,” ಎಂದು ಚೊಂಬು ಮುಂದೆ ಹಿಡಿದೆ. ಅವಳು ತೆಗೆದುಕೊಂಡಳು. ಅಭ್ಯಾಸಬಲದಿಂದ ಅದನ್ನು ತಲೆಯ ಮೇಲಕ್ಕೆ ಎತ್ತಿದಳು, ಬಾಯಿ ತೆರೆದಳು. ಕೈ ಅಲ್ಲೇ ನಿಂತಿತು. ನಿಧಿ ನೋಡುತ್ತಿದ್ದಳು, ಸುಜಾತ ನೋಡುತ್ತಿದ್ದಳು. ಶೈಲಾ ಮೆಲ್ಲಗೆ ಚೊಂಬನ್ನು ಕೆಳಗಿಳಿಸಿ, ತುಟಿಗೆ ಹಚ್ಚಿ, ಕಚ್ಚಿ ಕುಡಿದಳು. ಗದ್ದದ ಮೇಲೆ ನೀರು ಇಳಿಯಿತು. ಸೆರಗಿನಿಂದ ಒರೆಸಿಕೊಂಡು ಚೊಂಬನ್ನು ತಿರುಗಿಸಿ ತಿರುಗಿಸಿ ನೋಡಿದಳು, ಕಂಠದ ತಗ್ಗಿಗೆ ಬೆರಳಿಟ್ಟಳು.

“ಇದರಲ್ಲಿ ಎಷ್ಟು ಜನ ನೀರು ಕುಡಿದಿದಾರೋ ಅಲ್ವಾ ಆಂಟಿ?”

“ಊರಿಗೆ ಊರೇ,” ಎಂದೆ. “ಈಗ ನೀನೂ ಕಣಮ್ಮ.”